ಕಡ್ಡಿ, ಕಾಗದ, ಎರೆಮಣ್ಣು: ಮನೆಯಲ್ಲೇ ಮಾಡುವ ಹಬ್ಬದ ಅಲಂಕಾರ

ದೀಪಾವಳಿ ಹತ್ತಿರವಾದಂತೆ ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಅಂಗಡಿಗಳ ಮುಂದೆ ಆಕಾಶಬುಟ್ಟಿಗಳು ಸಾಲಾಗಿ ತೂಗಾಡತೊಡಗುತ್ತವೆ. ಅವುಗಳಲ್ಲಿ ಬಹುಪಾಲು ಮಡಚಿ ಬಿಚ್ಚುವ ಪ್ಲಾಸ್ಟಿಕ್ ಹಾಳೆಯವು. ಹೊಳಪು ಚೆನ್ನಾಗಿರುತ್ತದೆ, ಬೆಲೆಯೂ ಕೈಗೆಟಕುವಂತಿರುತ್ತದೆ. ಕೊಳ್ಳುವವರ ಬಗ್ಗೆ ನನಗೆ ಯಾವ ದೂರೂ ಇಲ್ಲ. ಆದರೆ ಮನೆಯಲ್ಲೇ ಏಕೆ ಮಾಡಬಾರದು ಎಂದು ಕೇಳಿದಾಗ ಬರುವ ಉತ್ತರವೊಂದನ್ನು ಮಾತ್ರ ನಾನು ಒಪ್ಪುವುದಿಲ್ಲ. ‘ನಮಗೆ ಕಲೆ ಬರೂದಿಲ್ರಿ’ ಎಂಬುದು ಆ ಉತ್ತರ. ಹಬ್ಬದ ಅಲಂಕಾರಕ್ಕೆ ಬೇಕಾದದ್ದು ಕಲೆಗಿಂತ ಹೆಚ್ಚಾಗಿ ವಸ್ತುವಿನ ಪರಿಚಯ. ಬಿದಿರು ಎಲ್ಲಿ ಬಗ್ಗುತ್ತದೆ, ಎಲ್ಲಿ ಮುರಿಯುತ್ತದೆ, ಎರೆಮಣ್ಣು ಏಕೆ ಬಿರಿಯುತ್ತದೆ, ಯಾವ ಕಾಗದದಲ್ಲಿ ಬೆಳಕು ಹಾಯುತ್ತದೆ ಎಂಬುದು ಗೊತ್ತಿದ್ದರೆ ಉಳಿದ ಕೆಲಸವನ್ನು ಕೈಯೇ ಮಾಡುತ್ತದೆ. ಗೊತ್ತಿಲ್ಲದಿದ್ದರೆ ಚಿತ್ರಕಾರನ ಕೈಯೂ ಸೋಲುತ್ತದೆ.

ನಮ್ಮ ಭಾಗದಲ್ಲಿ ಈ ಕೈಕೆಲಸದ ವರ್ಷ ದೀಪಾವಳಿಯಿಂದಲ್ಲ, ಜ್ಯೇಷ್ಠದ ಕಾರಹುಣ್ಣಿಮೆಯಿಂದ ಆರಂಭವಾಗುತ್ತದೆ. ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಬೆನ್ನಿಗೆ ಜೂಲ ಹೊದಿಸಿ, ಕೊರಳಿಗೂ ಕೋಡಿನ ತುದಿಗೂ ಗೊಂಡೆ ಕಟ್ಟುವ ದಿನವದು. ಪಟ್ಟಣದ ಮನೆಗಳಲ್ಲಿ ಎತ್ತುಗಳಿಲ್ಲ, ಆದರೆ ಗೊಂಡೆ ಕಟ್ಟುವುದನ್ನು ಕಲಿಯಲು ಎತ್ತು ಬೇಕಾಗಿಲ್ಲ. ನಾಲ್ಕು ಬೆರಳಿಗೆ ಉಣ್ಣೆಯ ದಾರವನ್ನು ಎಂಬತ್ತು ತೊಂಬತ್ತು ಸುತ್ತು ಸುತ್ತಿ, ಬೆರಳಿನಿಂದ ಜಾರಿಸಿ ತೆಗೆದು, ನಡುವೆ ಗಟ್ಟಿ ನೂಲಿನಿಂದ ಬಿಗಿದು, ಎರಡೂ ಕಡೆಯ ಮಡಿಕೆಗಳನ್ನು ಕತ್ತರಿಸಿದರೆ ಗೊಂಡೆ ಅರಳುತ್ತದೆ. ಬಿಗಿಯುವ ನೂಲು ಹತ್ತಿಯದಾಗಿರಬೇಕು. ಉಣ್ಣೆಯಿಂದಲೇ ಬಿಗಿದರೆ ಅದು ಎಳೆದಷ್ಟೂ ಹಿಗ್ಗಿ ಗಂಟು ಸಡಿಲಾಗುತ್ತದೆ, ನಾಲ್ಕು ದಿನದಲ್ಲಿ ಎಳೆಗಳು ಉದುರತೊಡಗುತ್ತವೆ. ಕತ್ತರಿಸಿದ ಮೇಲೆ ಗೊಂಡೆ ಒಡ್ಡೊಡ್ಡಾಗಿ ಕಾಣುವುದು ಸಹಜ. ಕುದಿಯುವ ನೀರಿನ ಹಬೆಗೆ ಕ್ಷಣಕಾಲ ಹಿಡಿದರೆ ಎಳೆಗಳು ಉಬ್ಬುತ್ತವೆ, ಆಮೇಲೆ ಸುತ್ತಲೂ ಕತ್ತರಿ ಆಡಿಸಿ ಗುಂಡಗೆ ಮಾಡಬಹುದು. ಹೀಗೆ ಮಾಡಿದ ಗೊಂಡೆಗಳು ಬಾಗಿಲಿನ ಪರದೆಗೂ ತೊಟ್ಟಿಲಿಗೂ ಗಣೇಶನ ಮಂಟಪಕ್ಕೂ ಒಪ್ಪುತ್ತವೆ.

ಕಾರಹುಣ್ಣಿಮೆಯಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಈಗ ಬಣ್ಣ ಬಳಿದ ಅಚ್ಚಿನ ಎತ್ತುಗಳು ಜೋಡಿಯಾಗಿ ಮಾರಾಟಕ್ಕೆ ಸಿಗುತ್ತವೆಯಾದರೂ ನನ್ನ ಪ್ರಕಾರ ಮಕ್ಕಳ ಕೈಯಿಂದ ಮಾಡಿಸಲೇಬೇಕಾದ ವಸ್ತು ಯಾವುದಾದರೂ ಇದ್ದರೆ ಅದು ಮಣ್ಣೆತ್ತು, ಏಕೆಂದರೆ ನಾವು ನಿಂತಿರುವ ನೆಲದ ಗುಣ ಅದರಷ್ಟು ಚೆನ್ನಾಗಿ ಬೇರೆ ಯಾವುದರಿಂದಲೂ ತಿಳಿಯುವುದಿಲ್ಲ. ಎರೆಮಣ್ಣು ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ನಮ್ಮ ಹೊಲಗಳಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕು ಬಿಡುವುದಕ್ಕೆ ಕಾರಣ ಅದೇ. ಹೊಲದಲ್ಲಿ ಆಗುವುದೇ ಅಂಗೈ ಮೇಲಿನ ಎತ್ತಿನಲ್ಲೂ ಆಗುತ್ತದೆ. ಬರೀ ಎರೆಮಣ್ಣಿನಿಂದ ಮಾಡಿದ ಎತ್ತು ಸಂಜೆಗೆ ಸುಂದರವಾಗಿದ್ದು ಮರುದಿನ ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಬಿರಿದು ನಿಂತಿರುತ್ತದೆ.

ಹಳ್ಳಿಯಲ್ಲಿ ನಮ್ಮಾಯಿ ಇದಕ್ಕೆ ಮಾಡುತ್ತಿದ್ದ ಉಪಾಯ ಸರಳವಾಗಿತ್ತು. ಮಣ್ಣನ್ನು ಒಣಗಿಸಿ ಕುಟ್ಟಿ ಸಾಣಿಸಿ, ಅದಕ್ಕೆ ಜರಡಿ ಹಿಡಿದ ಒಲೆಯ ಬೂದಿಯನ್ನೂ ಬಿಡಿಸಿದ ಅರಳೆಯ ಎಳೆಗಳನ್ನೂ ಸೇರಿಸಿ, ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ರೊಟ್ಟಿಯ ಹಿಟ್ಟಿನಂತೆ ನಾದುತ್ತಿದ್ದಳು. ಬೂದಿ ನೀರಿಗೆ ಹಿಗ್ಗುವುದೂ ಇಲ್ಲ ಕುಗ್ಗುವುದೂ ಇಲ್ಲವಾದ್ದರಿಂದ ಮಣ್ಣಿನ ಒಟ್ಟು ಕುಗ್ಗುವಿಕೆ ಕಡಿಮೆಯಾಗುತ್ತದೆ. ಅರಳೆಯ ಎಳೆಗಳು ಬಿರಿಯಲು ಹೊರಟ ಜಾಗವನ್ನು ಹಿಡಿದು ನಿಲ್ಲಿಸುತ್ತವೆ. ಕಾಲು ಗಟ್ಟಿಯಾಗಲೆಂದು ಒಳಗೆ ಕಡ್ಡಿ ತೂರಿಸುವವರಿದ್ದಾರೆ. ಅದು ತಿರುಗುಮುರುಗಾದ ಕೆಲಸ. ಮಣ್ಣು ಕುಗ್ಗುವಾಗ ಒಳಗಿನ ಕಡ್ಡಿ ಕುಗ್ಗುವುದಿಲ್ಲ, ಹಾಗಾಗಿ ಬಿರುಕು ಕಡ್ಡಿಯ ಉದ್ದಕ್ಕೇ ಬರುತ್ತದೆ. ಕಡ್ಡಿಯನ್ನು ಕೋಡಿಗೂ ಬಾಲಕ್ಕೂ ಮಾತ್ರ ಬಳಸಿ, ಕಾಲುಗಳನ್ನು ಗಿಡ್ಡವಾಗಿಯೂ ದಪ್ಪವಾಗಿಯೂ ಮೈಯಿಂದಲೇ ಎಳೆದು ತೆಗೆಯುವುದು ಒಳ್ಳೆಯದು. ಡುಬ್ಬವನ್ನು ಬೇರೆಯಾಗಿ ಮಾಡಿ ಅಂಟಿಸುವುದಾದರೆ ಎರಡೂ ಕಡೆ ಉಗುರಿನಿಂದ ಗೀರಿ, ತೆಳುವಾದ ಕೆಸರು ಸವರಿ ಒತ್ತಬೇಕು. ಎರಡು ಭಾಗಗಳ ಹಸಿ ಒಂದೇ ಹದದಲ್ಲಿರಬೇಕು. ಒಣಗಿಸುವುದು ನೆರಳಿನಲ್ಲಿ, ಮೇಲೊಂದು ಒದ್ದೆ ಬಟ್ಟೆ ಮುಚ್ಚಿ, ನಿಧಾನವಾಗಿ. ಬೀದರ ಕಡೆಯ ಗೆಳೆಯರಿಗೆ ಈ ತಾಪತ್ರಯ ಅಷ್ಟಾಗಿ ಇಲ್ಲ. ಅಲ್ಲಿನ ಎತ್ತರದ ನೆಲ ಜಂಬಿಟ್ಟಿಗೆಯದು, ಆ ಕೆಮ್ಮಣ್ಣು ಇಷ್ಟು ಕುಗ್ಗುವುದಿಲ್ಲ. ಆದರೆ ಎರೆಯ ಜಿಗುಟೂ ಅದಕ್ಕಿಲ್ಲದ್ದರಿಂದ ಸಣ್ಣ ಕೋಡು ಕಿವಿಗಳನ್ನು ತೀಡುವಾಗ ಅದು ಉದುರಿಬಿಡುತ್ತದೆ. ಎರಡನ್ನೂ ಬೆರೆಸಲು ಸಿಕ್ಕರೆ ಅದಕ್ಕಿಂತ ಒಳ್ಳೆಯ ಮಣ್ಣಿಲ್ಲ.

ಎತ್ತಿನ ಕಣ್ಣಿಗೆ ಹಿಂದೆ ಗುಲಗಂಜಿ ಒತ್ತುತ್ತಿದ್ದರು. ಕೆಂಪು ಮೈ, ಕಪ್ಪು ಚುಕ್ಕೆಯ ಆ ಬೀಜಕ್ಕೆ ಸಾಟಿಯಿಲ್ಲವೆಂಬುದು ನಿಜವಾದರೂ ಅದು ಕಡು ವಿಷ. ಅಗಿದರೆ ಪ್ರಾಣಕ್ಕೇ ಅಪಾಯ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದನ್ನು ತರಲೇಬಾರದು. ತೊಗರಿಯ ಕಣಜದಲ್ಲಿ ಕುಳಿತ ನಾವು ತೊಗರಿ ಕಾಳನ್ನೇ ಕಣ್ಣಾಗಿ ಬಳಸಬಹುದು, ಆದರೆ ಮಣ್ಣು ಅರ್ಧ ಆರಿದ ಮೇಲೆಯೇ ಒತ್ತಬೇಕು. ಹಸಿ ಮಣ್ಣಿನಲ್ಲಿ ಒತ್ತಿದರೆ ಕಾಳು ನೀರು ಹೀರಿ ಉಬ್ಬಿ, ಕಣ್ಣಿನ ಸುತ್ತ ಮಣ್ಣನ್ನು ಒಡೆಯುತ್ತದೆ. ಕೆಲವೊಮ್ಮೆ ಮೊಳಕೆಯನ್ನೂ ಬಿಡುತ್ತದೆ, ಅದನ್ನು ಕಂಡು ಮಕ್ಕಳಿಗಾಗುವ ಸಂತೋಷ ಬೇರೆಯೇ. ಆಷಾಢದ ಮಂಗಳವಾರಗಳಲ್ಲಿ ಮಣ್ಣಿನಿಂದ ಮಾಡಿ ಪೂಜಿಸುವ ಗುಳ್ಳವ್ವನಿಗೂ ಭಾದ್ರಪದದ ಗಣೇಶನಿಗೂ ಇದೇ ಮಣ್ಣು, ಇದೇ ಹದ.

ಆಕಾಶಬುಟ್ಟಿಯ ವಿಷಯಕ್ಕೆ ಬಂದರೆ, ನೋಡಲು ಅದು ಬಹಳ ಜಟಿಲ. ಸುತ್ತ ಚೌಕಗಳು, ಚೌಕಗಳ ನಡುವೆ ತ್ರಿಕೋನಗಳು, ಎಲ್ಲವೂ ಒಂದಕ್ಕೊಂದು ವಾಲಿಕೊಂಡು ನಿಂತಿರುತ್ತವೆ. ಲೆಕ್ಕ ಬಾರದವರು ಇದನ್ನು ಹೇಗೆ ಕಟ್ಟುತ್ತಾರೆ ಎನ್ನಿಸುತ್ತದೆ. ಸಂಗತಿಯೆಂದರೆ ತ್ರಿಕೋನಗಳನ್ನು ಯಾರೂ ಕಟ್ಟುವುದಿಲ್ಲ. ಒಂದೇ ಅಳತೆಯ ಆರು ಚೌಕಗಳನ್ನು ಮಾಡಿಕೊಂಡರೆ ಸಾಕು. ಒಂದು ಗೇಣಿನ, ಅಂದರೆ ಸುಮಾರು 9 ಇಂಚಿನ 24 ಕಡ್ಡಿಗಳು ಬೇಕು. ನಾಲ್ಕು ನಾಲ್ಕರಂತೆ ಕಟ್ಟಿದರೆ ಆರು ಚೌಕ. ಅವುಗಳಲ್ಲಿ ನಾಲ್ಕನ್ನು ಮೂಲೆಯ ಮೇಲೆ ನಿಲ್ಲಿಸಿ, ಎಡಬಲದ ಮೂಲೆಗಳನ್ನು ಒಂದಕ್ಕೊಂದು ಬಿಗಿದರೆ ಸುತ್ತು ಪೂರ್ತಿಯಾಗುತ್ತದೆ. ಈಗ ನಾಲ್ಕು ತುದಿಗಳು ಮೇಲಕ್ಕೂ ನಾಲ್ಕು ತುದಿಗಳು ಕೆಳಕ್ಕೂ ಚಾಚಿಕೊಂಡಿರುತ್ತವೆ. ಐದನೆಯ ಚೌಕವನ್ನು ಮಟ್ಟಸವಾಗಿ ಮೇಲಿಟ್ಟು ಅದರ ನಾಲ್ಕು ಮೂಲೆಗಳನ್ನು ಮೇಲಿನ ನಾಲ್ಕು ತುದಿಗಳಿಗೂ, ಆರನೆಯದನ್ನು ಹಾಗೆಯೇ ಕೆಳಗಿನ ತುದಿಗಳಿಗೂ ಕಟ್ಟಿದರೆ ಮುಗಿಯಿತು. ಚೌಕಗಳನ್ನು ಸೇರಿಸುವ ಗಂಟುಗಳು ಹನ್ನೆರಡೇ. ಎಂಟು ತ್ರಿಕೋನಗಳು ಚೌಕಗಳ ನಡುವಿನ ಜಾಗದಲ್ಲಿ ತಾವಾಗಿಯೇ ಮೂಡಿರುತ್ತವೆ. ಬಿಡಿಯಾಗಿದ್ದಾಗ ಒತ್ತಿದರೆ ಓರೆಯಾಗುತ್ತಿದ್ದ ಚೌಕಗಳು ಕೊನೆಯ ಗಂಟು ಬಿದ್ದ ಮೇಲೆ ಒಂದನ್ನೊಂದು ಹಿಡಿದುಕೊಂಡು ಮೊದಲಿಗಿಂತ ಗಟ್ಟಿಯಾಗಿ ನಿಲ್ಲುತ್ತವೆ. ಹೀಗೆ ಕಟ್ಟಿದ ಬುಟ್ಟಿ ಸುಮಾರು 13 ಇಂಚು ಎತ್ತರವಿರುತ್ತದೆ, ಅಗಲದಲ್ಲಿ ಮೂಲೆಯಿಂದ ಮೂಲೆಗೆ ಒಂದೂವರೆ ಅಡಿ.

ಕಡ್ಡಿಗಳು ಮೇದಾರರ ಬಳಿ ಸಿಗುತ್ತವೆ. ಬುಟ್ಟಿ ಮೊರ ಹೆಣೆಯಲು ಸೀಳಿಟ್ಟ ಬಿದಿರಿನಲ್ಲಿ ಒಂದಿಷ್ಟನ್ನು ಅವರು ಸಂತೋಷದಿಂದ ಕೊಡುತ್ತಾರೆ. ನಾನು ಕೊಳ್ಳುವಾಗ ಅಲ್ಲಿಯ ಹಿರಿಯ ಹೆಣ್ಣುಮಗಳೊಬ್ಬಳು, ‘ಗೆಣ್ಣಿದ್ದಲ್ಲಿ ಬಗ್ಗಸಬ್ಯಾಡ್ರಿ, ಮುರೀತದ, ಸಿಪ್ಪಿ ಕಡಿ ಹೊರಗ ಬರಲಿ’ ಎಂದು ಹೇಳಿಕೊಟ್ಟಳು. ಬಿದಿರಿನ ಬಲವೆಲ್ಲ ಹಸಿರು ಸಿಪ್ಪೆಯ ಕಡೆಗೇ ಇದೆ, ಒಳಗಿನ ಬಿಳಿಯ ಭಾಗ ಮೆತ್ತಗೆ. ಸೀಳಿನ ಅಂಚು ಬ್ಲೇಡಿನಂತೆ ಕೊಯ್ಯುವುದರಿಂದ ಮಕ್ಕಳ ಕೈಗೆ ಕೊಡುವ ಮೊದಲು ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡಬೇಕು. ಕೆಲವು ದಿನ ನೀರಿನಲ್ಲಿ ಮುಳುಗಿಸಿಟ್ಟು ಒಣಗಿಸಿದ ಬಿದಿರಿಗೆ ಹುಳು ಬೀಳುವುದು ಕಡಿಮೆ, ಏಕೆಂದರೆ ಹುಳುವಿಗೆ ಆಹಾರವಾಗುವ ಸಕ್ಕರೆ ಮತ್ತು ಪಿಷ್ಟದ ಅಂಶ ನೀರಿಗೆ ಬಿಟ್ಟುಹೋಗುತ್ತದೆ. ಬಿದಿರು ಸಿಗದಿದ್ದರೆ ತೆಂಗಿನ ಪೊರಕೆಯ ಕಡ್ಡಿಯಲ್ಲಿ ಸಣ್ಣ ಬುಟ್ಟಿ ಮಾಡಬಹುದು. ಜೋಳದ ದಂಟಿನಿಂದಲೂ ಆದೀತು. ನಮ್ಮ ಕಾಲದಲ್ಲಿ ದಂಟಿನ ಸಿಬಿರು, ಅಂದರೆ ಹೊರಸಿಪ್ಪೆಯ ಸೀಳು, ಮತ್ತು ಒಳಗಿನ ಬೆಂಡಿನಿಂದ ಬಂಡಿ, ಕನ್ನಡಕ, ಗಿರಗಿಟ್ಟಿ ಎಲ್ಲವನ್ನೂ ಮಾಡುತ್ತಿದ್ದೆವು. ಸಿಬಿರನ್ನು ಬೆಂಡಿಗೆ ಚುಚ್ಚಿದರೆ ಗಂಟೂ ಬೇಡ, ಅಂಟೂ ಬೇಡ. ಆದರೆ ಹಿಂಗಾರಿನ ಜೋಳದ ದಂಟು ಕೈಗೆ ಬರುವುದು ಸುಗ್ಗಿಯಾದ ಮೇಲೆ. ದೀಪಾವಳಿಗೆ ಬೇಕೆಂದರೆ ಹಿಂದಿನ ವರ್ಷದ ಕಣಿಕೆಯ ಬಣವೆಯಿಂದಲೇ ಹಿರಿದು ತರಬೇಕು.

ಕಾಗದದ ಆಯ್ಕೆಯಲ್ಲಿ ಬಹಳ ಮಂದಿ ಎಡವುತ್ತಾರೆ. ಅಂಗಡಿಯಲ್ಲಿ ಹೊಳೆಯುವ ಗ್ಲೇಜ್ ಕಾಗದ ಹಗಲಿನಲ್ಲಿ ಕಣ್ಣು ಸೆಳೆಯುತ್ತದೆ, ರಾತ್ರಿ ಒಳಗೆ ದೀಪವಿಟ್ಟರೆ ಮಂಕಾಗಿಬಿಡುತ್ತದೆ. ಕ್ರೇಪ್ ಕಾಗದ ಅಂಟಿನ ಹಸಿಗೆ ಬಣ್ಣ ಬಿಡುತ್ತದೆ. ಪತಂಗದ ಕಾಗದವೇ ಸರಿಯಾದದ್ದು; ಹೈದರಾಬಾದಿನ ನೆರೆಯಾದ ನಮ್ಮ ಭಾಗದಲ್ಲಿ ಸಂಕ್ರಾಂತಿಯ ಪತಂಗದ ಹವ್ಯಾಸ ಇರುವುದರಿಂದ ಅದು ಹುಡುಕಿದರೆ ಸಿಕ್ಕೇ ಸಿಗುತ್ತದೆ. ಅಂಟಿಗೆ ಎರಡು ಚಮಚ ಮೈದಾವನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುತ್ತಿರುವ ಒಂದೂವರೆ ಲೋಟ ನೀರಿಗೆ ಸುರಿದು, ಬೆಳ್ಳಗಿದ್ದದ್ದು ಅರೆಪಾರದರ್ಶಕವಾಗುವವರೆಗೆ ತಿರುವುತ್ತಿರಬೇಕು. ಹಿಂದೆ ಇದಕ್ಕೆ ಹುಳು ಹತ್ತದಿರಲೆಂದು ಮೈಲುತುತ್ತ ಹಾಕುವ ರೂಢಿಯಿತ್ತು. ಅದೂ ವಿಷವೇ; ಅಡುಗೆಮನೆಯ ಪಾತ್ರೆಯಲ್ಲಿ ಆ ಕೆಲಸ ಬೇಡ, ಬೇಕಾದಷ್ಟನ್ನೇ ಆಯಾ ದಿನ ಮಾಡಿಕೊಂಡರಾಯಿತು. ಕಾಗದವನ್ನು ಚೌಕಟ್ಟಿಗಿಂತ ಅರ್ಧ ಇಂಚು ದೊಡ್ಡದಾಗಿ ಕತ್ತರಿಸಿ, ಅಂಚನ್ನು ಕಡ್ಡಿಯ ಮೇಲೆ ಮಡಚಿ ಅಂಟಿಸಬೇಕು. ಅಂಟಿಸಿದಾಗ ಅದು ಸುಕ್ಕುಸುಕ್ಕಾಗಿ ಕಂಡರೆ ಎಳೆಯಲು ಹೋಗಬಾರದು. ಹಸಿಯಿಂದ ಸಡಿಲಾದ ಕಾಗದ ಒಣಗುತ್ತ ತಾನೇ ಬಿಗಿಯುತ್ತದೆ, ಹಸಿಯಲ್ಲೇ ಎಳೆದು ಬಿಗಿ ಮಾಡಿದ್ದು ಒಣಗುವಾಗ ಹರಿಯುತ್ತದೆ.

ಮೇಲಿನ ಮತ್ತು ಕೆಳಗಿನ ಚೌಕಗಳನ್ನು ತೆರೆದೇ ಬಿಟ್ಟರೆ ಹನ್ನೆರಡು ತುಂಡು ಕಾಗದ ಸಾಕಾಗುತ್ತದೆ, ಗಾಳಿಯೂ ಆಡುತ್ತದೆ. ನಾಲ್ಕು ಚೌಕಗಳಿಗೆ ಒಂದು ಬಣ್ಣ, ಎಂಟು ತ್ರಿಕೋನಗಳಿಗೆ ಇನ್ನೊಂದು. ಮೂರನೆಯ ಬಣ್ಣ ಸೇರಿದರೆ ನನ್ನ ಕಣ್ಣಿಗೆ ಗದ್ದಲವೆನಿಸುತ್ತದೆ. ಕೆಳಗಿನ ಮೂಲೆಗಳಿಗೆ ಕಾಗದದ ಬಾಲಂಗೋಚಿ ಕಟ್ಟಬೇಕು. ಒಳಗೆ 5 ವ್ಯಾಟ್ ಎಲ್‌ಇಡಿ ಬಲ್ಬು ಧಾರಾಳವಾಯಿತು. ಹಳೆಯ ತಂತಿಯ ಬಲ್ಬು ಕಾಗದವನ್ನು ಸುಡಬಹುದು, ಹಣತೆಯ ಮಾತಂತೂ ಬೇಡವೇ ಬೇಡ. ಬುಟ್ಟಿಯ ಭಾರ ಬಲ್ಬಿನ ವೈರಿನ ಮೇಲೆ ಬೀಳದಂತೆ ಮೇಲಿನ ನಾಲ್ಕು ಮೂಲೆಗಳಿಂದ ಹುರಿಯನ್ನು ಬೇರೆಯಾಗಿ ಎತ್ತಿ ಕಟ್ಟುವುದು ಅಗತ್ಯ. ಕಾರ್ತಿಕವಿಡೀ ಮಾಳಿಗೆಯ ಮೇಲೆ ಉಳಿಯಬೇಕಾದ ವಸ್ತುವದು.

ಆ ಬರಿಯ ಕಾಗದದ ಮೇಲೆ ಏನು ಚಿತ್ತಾರ ಮಾಡಬೇಕೆಂದು ಕೇಳಿದವರಿಗೆ ನಾನು ಬೀದರಿಗೆ ಹೋಗಿ ಬನ್ನಿ ಎನ್ನುತ್ತೇನೆ. 1472ರಲ್ಲಿ ಕಟ್ಟಿದ, ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನ ಮದರಸಾದ ಮುಂಗೋಡೆಯಲ್ಲೂ ಉಳಿದ ಮಿನಾರಿನಲ್ಲೂ ಇಂದಿಗೂ ಅಂಟಿಕೊಂಡಿರುವ ಬಣ್ಣದ ಹೆಂಚುಗಳನ್ನೂ, ಕೋಟೆಯ ರಂಗೀನ್ ಮಹಲಿನಲ್ಲಿ ಕಪ್ಪುಕಲ್ಲಿಗೆ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸವನ್ನೂ ನೋಡಿದರೆ ನಕ್ಷತ್ರ ಮತ್ತು ಬಳ್ಳಿಯ ಬಗೆಗಳು ಒಂದು ಜನ್ಮಕ್ಕಾಗುವಷ್ಟು ಸಿಗುತ್ತವೆ. ಮನೆಯಲ್ಲಿ ಮಾಡುವ ನಕ್ಷತ್ರಕ್ಕೆ ವೃತ್ತಾಕಾರದ ಕಾಗದವನ್ನು ನಾಲ್ಕು ಬಾರಿ ಅರ್ಧಕ್ಕೆ ಮಡಚಿ ಒಂದೇ ಓರೆ ಕತ್ತರಿ ಹಾಕಿದರೆ ಎಂಟು ಮೂಲೆಯದು ಬರುತ್ತದೆ. ಆರು ಮೂಲೆಯದು ಬೇಕಾದರೆ ಅರ್ಧ ಮಡಚಿದ ಮೇಲೆ ಮೂರು ಸಮಪಾಲು ಮಾಡಬೇಕು, ಅಲ್ಲಿ ಕಣ್ಣಂದಾಜು ಸಾಲದು. ಎರಡು ಬದಿಗಳನ್ನೂ ಒಂದರ ಮೇಲೊಂದು ತಂದು ಅಂಚುಗಳು ಹೊಂದುವವರೆಗೆ ಸರಿಸಿ ಮಡಚಿ, ಮತ್ತೊಮ್ಮೆ ಅರ್ಧ ಮಾಡಿ ಓರೆಯಾಗಿ ಕತ್ತರಿಸಬೇಕು. ಬೀದರಿನ ಲೋಹದ ಕುಸುರಿಯಾದ ಬಿದರಿಯ ಮಾದರಿ ಇಷ್ಟವಾದವರು ಕಪ್ಪು ರಟ್ಟಿನ ಮೇಲೆ ಬೆಳ್ಳಿ ಬಣ್ಣದ ಕಾಗದ ಅಂಟಿಸುವುದನ್ನು ಕಂಡಿದ್ದೇನೆ. ಅದು ನನಗೆ ರುಚಿಸುವುದಿಲ್ಲ. ಸತುವಿಗೆ ಒಂದಿಷ್ಟು ತಾಮ್ರ ಬೆರೆತ ಲೋಹ ಕೋಟೆಯ ಮಣ್ಣಿನ ಲೇಪಕ್ಕೆ ಕಪ್ಪಾಗಿ, ಕೂರಿಸಿದ ಬೆಳ್ಳಿ ಮಾತ್ರ ಹೊಳೆದು ನಿಲ್ಲುವುದರಲ್ಲಿ ಬಿದರಿಯ ಸೊಗಸಿದೆ, ರಟ್ಟಿನಲ್ಲಿ ಅದು ನಕಲಾಗಿಯೇ ಉಳಿಯುತ್ತದೆ. ಅದೇ ಬಳ್ಳಿಯನ್ನು ಬಿಳಿಯ ತೆಳು ಕಾಗದದಲ್ಲಿ ಕೊರೆದು ಒಳಗೆ ಬೆಳಕಿಟ್ಟರೆ ಕಾಗದಕ್ಕೆ ಒಪ್ಪುವ ಬೇರೊಂದು ಚೆಲುವು ಬರುತ್ತದೆ.

ತೋರಣದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮಾವಿನ ಎಲೆ ದಪ್ಪಗಿದ್ದು ತಡವಾಗಿ ಬಾಡುತ್ತದೆ ಎಂಬುದು ನಿಜವೇ. ಆದರೆ ಯುಗಾದಿಯ ಹೊತ್ತಿನ ನಮ್ಮ ಬಿಸಿಲಿಗೆ ಅದೂ ಸಂಜೆಯೊಳಗೆ ಸುರುಳಿ ಸುತ್ತುತ್ತದೆ. ತೀರ ಎಳೆಯ ಕೆಂಪು ಚಿಗುರನ್ನು ಬಿಟ್ಟು ಬಲಿತ ಎಲೆಯನ್ನು ಬೆಳಗಿನ ತಂಪಿನಲ್ಲೇ ಕಿತ್ತು, ತೊಟ್ಟುಗಳನ್ನು ನೀರಿನಲ್ಲಿ ಅದ್ದಿಟ್ಟು ಆಮೇಲೆ ಕಟ್ಟಿದರೆ ಒಂದು ದಿನ ಹೆಚ್ಚು ಬಾಳುತ್ತದೆ. ಚೆಂಡುಹೂವನ್ನು ಪಕಳೆಯ ಮಧ್ಯೆ ಚುಚ್ಚದೆ ಹಸಿರು ತೊಟ್ಟಿನ ಬುಡದಲ್ಲಿ ಪೋಣಿಸಬೇಕು.

ವರ್ಷವಿಡೀ ಬಾಗಿಲಲ್ಲಿರುವ ತೋರಣ ಬೇಕೆಂದರೆ ಬಟ್ಟೆಯೇ ಲೇಸು. ಕೌದಿ ಹೊಲಿಯುವ ಮನೆಗಳಲ್ಲಿ ಹಳೆಯ ಸೀರೆಯ ತುಂಡುಗಳಿಗೆ ಬರವಿಲ್ಲ. ಅಂಗೈಯಗಲದ ಚೌಕ ತುಂಡನ್ನು ಮೂಲೆಯಿಂದ ಮೂಲೆಗೆ ಮಡಚಿ, ಮತ್ತೊಮ್ಮೆ ಹಾಗೆಯೇ ಮಡಚಿದರೆ ತ್ರಿಕೋನವಾಗುತ್ತದೆ. ಕತ್ತರಿಸಿದ ಅಂಚುಗಳೆಲ್ಲ ಅದರ ಉದ್ದನೆಯ ಬದಿಗೇ ಬಂದು ಸೇರುವುದರಿಂದ ಆ ಒಂದು ಬದಿಯನ್ನು ಪಟ್ಟಿಯೊಳಗೆ ಸೇರಿಸಿ ಹೊಲಿದರೆ ಎಳೆ ಬಿಚ್ಚುವ ಪ್ರಶ್ನೆಯೇ ಇಲ್ಲ. ನಡುನಡುವೆ ಕನ್ನಡಿ ಕೂರಿಸುವುದನ್ನು ಕಲಬುರಗಿ, ಯಾದಗಿರಿ ಜಿಲ್ಲೆಗಳ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳಿಂದ ಕಲಿಯಬೇಕು. ಅವರು ಕನ್ನಡಿಯ ಅಂಚಿಗೆ ನೇರವಾಗಿ ಹೊಲಿಯುವುದಿಲ್ಲ. ಮೊದಲು ಅದರ ಮೇಲೆ ಅಡ್ಡ ಎರಡು, ಉದ್ದ ಎರಡು ದಾರ ಬಿಗಿದು ಹಿಡಿತ ಮಾಡಿಕೊಂಡು, ಆ ದಾರಗಳನ್ನೇ ಹೊರಕ್ಕೆ ಎಳೆದುಕೊಳ್ಳುತ್ತ ಸುತ್ತಲೂ ಹೆಣೆಯುತ್ತಾರೆ. ಮೊದಲ ನಾಲ್ಕು ದಾರ ಸಡಿಲಾದರೆ ಮೇಲಿನ ಹೊಲಿಗೆ ಎಷ್ಟೇ ಚೆಂದವಿದ್ದರೂ ಕನ್ನಡಿ ಜಾರುತ್ತದೆ.

ದೀಪಾವಳಿ ಮುಗಿದ ಮೇಲೆ ಉಳಿಯುವ ಬಿದಿರು, ಪತಂಗದ ಕಾಗದ ಮತ್ತು ಅಂಟಿನ ಅಂದಾಜು ಡಿಸೆಂಬರಿನಲ್ಲಿ ಮತ್ತೆ ಬಳಕೆಗೆ ಬರುತ್ತದೆ. ಬೀದರ ಜಿಲ್ಲೆಯಲ್ಲಿ ಮೆಥೊಡಿಸ್ಟ್ ಕ್ರೈಸ್ತರ ದೊಡ್ಡ ಸಮುದಾಯವಿದೆ, ಕ್ರಿಸ್‌ಮಸ್ಸಿಗೆ ಅಲ್ಲಿಯ ಮನೆಗಳ ಮುಂದೆ ನಕ್ಷತ್ರಗಳು ಏರುತ್ತವೆ. ಐದು ಮೂಲೆಯ ನಕ್ಷತ್ರಕ್ಕೆ ಎರಡಡಿಯ ಐದು ಕಡ್ಡಿಗಳನ್ನು ಒಂದರ ಮೇಲೊಂದು ಹಾಯಿಸಿ ಐದು ತುದಿಗಳಲ್ಲಿ ಕಟ್ಟಬೇಕು. ಅಂಥದೇ ಇನ್ನೊಂದನ್ನು ಮಾಡಿ ಎರಡನ್ನೂ ಮುಖಾಮುಖಿಯಾಗಿಟ್ಟು ತುದಿಗಳನ್ನು ಮಾತ್ರ ಬಿಗಿಯಬೇಕು. ಇಷ್ಟರಲ್ಲಿ ಅದು ಚಪ್ಪಟೆಯಾಗಿಯೇ ಇರುತ್ತದೆ. ಒಳಗೆ ಕಡ್ಡಿಗಳು ಹಾಯುವ ಐದು ಜಾಗಗಳಲ್ಲಿ ಎರಡೂ ಚೌಕಟ್ಟುಗಳ ನಡುವೆ ನಾಲ್ಕು ಇಂಚಿನ ಊರೆಗಡ್ಡಿಗಳನ್ನು ಸಿಕ್ಕಿಸಿದ ಕೂಡಲೇ ನಕ್ಷತ್ರ ಉಬ್ಬಿ ಮೈದುಂಬುತ್ತದೆ. ಇಲ್ಲಿ ಕಡ್ಡಿ ತೆಳುವಾಗಿದ್ದಷ್ಟೂ ಒಳ್ಳೆಯದು, ಏಕೆಂದರೆ ಆಕಾಶಬುಟ್ಟಿಯ ಕಡ್ಡಿ ನೆಟ್ಟಗೆ ನಿಂತರೆ ಸಾಕು, ನಕ್ಷತ್ರದ ಕಡ್ಡಿ ಬಿಲ್ಲಿನ ಹಾಗೆ ಬಾಗಬೇಕು. ಬಾಗುವ ಜಾಗದಲ್ಲಿ ಗೆಣ್ಣು ಬಂದರೆ ಮೇದಾರ ಹೆಣ್ಣುಮಗಳು ಹೇಳಿದ್ದೇ ಆಗುತ್ತದೆ. ಮುಂದೆ ಹಿಂದೆ ಕಾಗದ ಹಚ್ಚಿದ ಮೇಲೆ ಬದಿಯಲ್ಲಿ ಹತ್ತು ಕಿರಿದಾದ ತ್ರಿಕೋನಗಳು ಉಳಿಯುತ್ತವೆ. ಅವಸರದವರು ಅವನ್ನು ಹಾಗೆಯೇ ಬಿಟ್ಟುಬಿಡುತ್ತಾರೆ, ಬೆಳಕೆಲ್ಲ ಬದಿಯಿಂದ ಸೋರಿಹೋಗಿ ಮುಖ ಮಂಕಾಗುತ್ತದೆ. ಆ ಹತ್ತನ್ನು ಮುಚ್ಚಲು ಹೊಸ ಹಾಳೆ ಬೇಕಿಲ್ಲ, ದೀಪಾವಳಿಯ ತ್ರಿಕೋನಗಳನ್ನು ಕತ್ತರಿಸಿದಾಗ ಉಳಿದ ಚೂರುಗಳೇ ಸಾಕಾಗುತ್ತವೆ. ಬಲ್ಬನ್ನು ಒಳಗಿಡಲು ಹಿಂಬದಿಯ ಐದುಮೂಲೆಯ ಭಾಗವನ್ನು ಮಾತ್ರ ಮೂರು ಅಂಚಿಗೆ ಅಂಟಿಸಿ, ಉಳಿದೆರಡನ್ನು ಬಾಗಿಲಿನಂತೆ ಬಿಡಬೇಕು.